ಹಾಳು ಎಂದು ಬರೆದ ಕ್ಯಾಸೆಟ್ಟುಗಳು

ನನ್ನ ಗಂಡ ರೇಡಿಯೋದಿಂದ ಹಾಡು ತುಂಬಿಕೊಳ್ಳುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಕಮಕ್ ಕಿಮಕ್ ಎನ್ನುವಂತಿರಲಿಲ್ಲ. ಆಗ ನಮ್ಮದು ಕಾರವಾರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯಾದ ಹೊಸತು. ಬೇಕಾದ ಹಾಡು ಬರುವ ಸೂಚನೆ ಸಿಕ್ಕಿತೋ, ಟೇಪ್ ರೆಕಾರ್ಡರನ್ನು ರೇಡಿಯೋದ ಎದುರಿಗೆ ತಂದಿಟ್ಟು, ಕೆಂಪು ಗುಂಡಿ ಒತ್ತಿ, ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಕೂತುಬಿಡುತ್ತಿದ್ದರು. ಆಮೇಲೆ ಒಗ್ಗರಣೆ ಹಾಕುವಂತಿಲ್ಲ, ಕೊಡಪಾನ ಕೆಳಗಿಡುವಂತಿಲ್ಲ, ಬಳೆ ಆಡಿಸುವಂತಿಲ್ಲ. ಸೀನಿದರಂತೂ ದಿನವಿಡೀ ಮುಖ ಗಂಟು. ನಾನೇನೂ ಕಮ್ಮಿಯವಳಲ್ಲ, ಸೀನು ಬಂದರೆ ತಡೆಯುವ ಗೋಜಿಗೇ ಹೋಗುತ್ತಿರಲಿಲ್ಲ.

ಹಾಗೆ ಕೆಟ್ಟ ಕ್ಯಾಸೆಟ್ಟಿನ ಮೇಲೆ ಅವರು ಕೆಂಪು ಶಾಯಿಯಲ್ಲಿ ‘ಹಾಳು’ ಎಂದು ಬರೆಯುತ್ತಿದ್ದರು. ಅಳಿಸಿ ಮತ್ತೆ ತುಂಬಿದರೆ ಆಗದೇ ಎಂದು ನಾನು ಕೇಳಿದ್ದುಂಟು. ಹಳೆಯ ಹಾಡಿನ ನೆರಳು ಅಡಿಯಲ್ಲಿ ಉಳಿದೇ ಉಳಿಯುತ್ತದೆ ಎನ್ನುವುದು ಅವರ ವಾದ. ನನಗೆ ಯಾವ ನೆರಳೂ ಕೇಳಿಸುತ್ತಿರಲಿಲ್ಲ. ಅವರ ಕಿವಿ ಅವರದು ಎಂದು ಸುಮ್ಮನಾದೆ.

ಹಾಳಾದವು ಒಂದು ಚೀಲ ಸೇರಿ, ಅಲ್ಲಿಂದ ಅಂಕೋಲೆಯ ಹತ್ತಿರ ಬೊಬ್ರುವಾಡಕ್ಕೆ ಹೋಗುತ್ತಿದ್ದವು. ಅಲ್ಲಿ ನನ್ನ ಮೈದುನ ಗದ್ದೆ ಮಾಡುತ್ತಾನೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಗಿಳಿಗಳೂ ಗುಬ್ಬಿಗಳೂ ದಂಡೆತ್ತಿ ಬರುತ್ತವಲ್ಲ, ಅವುಗಳನ್ನು ಹೆದರಿಸಲು ಕ್ಯಾಸೆಟ್ಟಿನೊಳಗಿನ ಕಪ್ಪು ಪಟ್ಟಿಯನ್ನು ಗೂಟದಿಂದ ಗೂಟಕ್ಕೆ ಎಳೆದು ಕಟ್ಟುತ್ತಾರೆ. ಬಿಸಿಲಿಗೆ ಅದು ಫಳಫಳ ಹೊಳೆಯುತ್ತದೆ, ಗಾಳಿ ಬಂದರೆ ಗುಂಯ್ ಎನ್ನುತ್ತದೆ. ವರ್ಷಕ್ಕೆ ಎರಡೋ ಮೂರೋ ಕ್ಯಾಸೆಟ್ಟು ಸಾಕು. ಉಳಿದವು ನಮ್ಮ ಮನೆಯಲ್ಲೇ ಚೀಲದಲ್ಲಿ ಮುಂದಿನ ಬೆಳೆಗೆ ಕಾಯುತ್ತಿದ್ದವು.

ಮುಂದೆ ಸ್ವಂತ ಮನೆಯಾಯಿತು. ಆಂಪ್ಲಿಫಾಯರ್ ಬಂತು, ಕ್ಯಾಸೆಟ್ ಡೆಕ್ ಬಂತು, ನನ್ನ ಸೊಂಟದೆತ್ತರದ ಎರಡು ಸ್ಪೀಕರ್ ಬಂದವು. ರೇಡಿಯೋದಿಂದ ಡೆಕ್ಕಿಗೆ ನೇರ ತಂತಿ. ಇನ್ನು ನಾವು ಮನೆಯಲ್ಲಿ ಗುದ್ದಾಡಿದರೂ ಹಾಡಿಗೆ ತಾಗುತ್ತಿರಲಿಲ್ಲ. ಅವರು ಅಲಮಾರಿಯೊಳಗೆ ಚಿಕ್ಕ ಬಲ್ಬು ಉರಿಸಿಟ್ಟು ಮಳೆಗಾಲದ ಬೂಸಲಿನಿಂದ ಒಂದೊಂದು ಕ್ಯಾಸೆಟ್ಟನ್ನೂ ಕಾಪಾಡಿದರು. ನನ್ನ ರೇಷ್ಮೆ ಸೀರೆಗೆ ಆ ಭಾಗ್ಯ ಇರಲಿಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಅವರು ಹೋಗಿ ಹನ್ನೆರಡು ವರ್ಷವಾಯಿತು. ಹಳೆಯ ಬೆಡ್‌ಶೀಟ್ ಹೊದ್ದುಕೊಂಡು ಆ ಯಂತ್ರಗಳೆಲ್ಲ ಮೂಲೆಯಲ್ಲಿ ಕೂತಿದ್ದವು. ಕಳೆದ ಮಳೆಗಾಲದಲ್ಲಿ ಮಾಜಾಳಿಯಿಂದ ನಾದಿನಿಯ ಮಗಳು ಬಂದಳು. ದಿನಾ ಗೋವಾಕ್ಕೆ ಹೋಗಿ ಬಂದು ಕೆಲಸ ಮಾಡುವ ಹುಡುಗಿ, ಹೊಸದನ್ನು ಕಂಡರೆ ಬಿಡುವವಳಲ್ಲ.

“ಮಾಮಿ, ಇಷ್ಟು ಚಂದದ ಸ್ಪೀಕರ್ ಎಂತಕ್ಕೆ ಸುಮ್ನೆ ಕೂರ್ಸಿಟ್ಟಿರಿ? ಮಾಮನ ಹಾಡೆಲ್ಲ ಕಂಪ್ಯೂಟರಿಗೆ ಹಾಕುವಾ. ಅಲ್ಲಿಂದ ಈ ಸ್ಪೀಕರಿಗೇ ಕೊಟ್ರೆ ಆತು.”

“ಅಡ್ಡಿಲ್ಲ, ನಿಂಗೆ ಪುರುಸೊತ್ತಿದ್ರೆ ಮಾಡು,” ಎಂದೆ. ಬೇಡವೆಂದರೂ ಅವಳು ಕೇಳುವವಳಲ್ಲ.

ಮರುವಾರ ಅವಳು ಲ್ಯಾಪ್‌ಟಾಪಿನ ಜೊತೆಗೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಡಬ್ಬಿ ತಂದಳು. ಕ್ಯಾಸೆಟ್ಟಿನ ದನಿಯನ್ನು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವುದೂ ಅದೇ, ಕಂಪ್ಯೂಟರಿನ ಹಾಡನ್ನು ತಿರುಗಿ ಆಂಪ್ಲಿಫಾಯರಿಗೆ ದಾಟಿಸುವುದೂ ಅದೇ. ಡೆಕ್ಕಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು, ಹೊಸದನ್ನು ರಿಪೇರಿ ಅಂಗಡಿಯಲ್ಲಿ ಹಾಕಿಸಿದೆವು. ಕೆಂಪು ಪಿನ್ನು ಕೆಂಪಿಗೆ, ಬಿಳಿ ಬಿಳಿಗೆ. ಸ್ವಿಚ್ ಹಾಕಿದರೆ ಎರಡೂ ಸ್ಪೀಕರಿನಿಂದ ದುಂಬಿ ಹೊಕ್ಕ ಹಾಗೆ ಒಂದೇ ಸಮನೆ ಸದ್ದು. ಪಿನ್ನು ಬಿಚ್ಚಿದಳು, ಸಿಕ್ಕಿಸಿದಳು, ಬೈದಳು. ಕೊನೆಗೆ ಲ್ಯಾಪ್‌ಟಾಪಿನ ಚಾರ್ಜರು ಕಿತ್ತ ಕೂಡಲೇ ಸದ್ದು ನಿಂತಿತು. ಮೊದಲ ಹಾಡು ಬಂದಾಗ ನನಗೆ ತಡೆಯಲಾಗಲಿಲ್ಲ, ಮಿಕ್ಸಿ ತೊಳೆಯುವ ನೆಪ ಮಾಡಿ ಒಳಗೆ ಹೋದೆ.

ಆಮೇಲೆ ಪ್ರತಿ ಭಾನುವಾರ ಇದೇ ಕೆಲಸ. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸು ಕೂರಲೇಬೇಕು, ಅವಸರ ಮಾಡುವಂತಿಲ್ಲ. ಪರದೆಯ ಮೇಲೆ ಹಸಿರು ಗೆರೆ ಕುಣಿಯುತ್ತಿತ್ತು. ಅವಳು ಗೆರೆ ನೋಡುತ್ತಿದ್ದಳು, ನಾನು ಕಾಯಿ ತುರಿಯುತ್ತ ಕೇಳುತ್ತಿದ್ದೆ. ನಾಲ್ಕೈದು ವಾರ ಕಳೆದ ಮೇಲೆ ನನಗೇ ಗೊತ್ತಾಯಿತು, ನಾನು ಹಾಡು ಕೇಳುತ್ತಿರಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಜಾಗ ಬಂದಾಗ ನನ್ನ ಕೈ ನಿಲ್ಲುತ್ತಿತ್ತು. ಅಲ್ಲಿ ಅವರು ಕೆಮ್ಮಿರಬಹುದು, ಯಾರನ್ನೋ ಕರೆದಿರಬಹುದು ಎಂದು ಕಾಯುತ್ತಿದ್ದೆ.

ನನ್ನ ಹತ್ತಿರ ಅವರ ದನಿ ಎಲ್ಲಿಯೂ ಇಲ್ಲ. ಅವರು ಇದ್ದಾಗ ನಮ್ಮ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಅದರಲ್ಲಿ ಮಾತಾಡುವುದಷ್ಟೇ. ಮದುವೆಯದು ಬರೀ ಫೋಟೋ. ಮುಖ ನೆನಪಿದೆ, ನಡಿಗೆ ನೆನಪಿದೆ. ದನಿ ಮಾತ್ರ ವರ್ಷ ಹೋದ ಹಾಗೆ ಸವೆಯುತ್ತ ಬಂದು, ಈಗ ಕಣ್ಣು ಮುಚ್ಚಿ ಎಷ್ಟು ಯೋಚಿಸಿದರೂ ಬರುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಲು ನಾಚಿಕೆಯಾಗುತ್ತಿತ್ತು.

ಅಲಮಾರಿಯ ಕೊನೆಯ ಸಾಲು ಮುಗಿದ ದಿನ ಹುಡುಗಿ ಮೆಚ್ಚಿ ಹೇಳಿದಳು. “ಮಾಮ ಎಷ್ಟು ಚೊಕ್ಕ ಮಾಡಿ ತುಂಬಿದ್ರು ನೋಡಿ ಮಾಮಿ. ಹಾಡು ಬಿಟ್ರೆ ಒಂದು ಚೂರು ಸದ್ದಿಲ್ಲ.”

ಆಗ ನನಗೆ ಹೊಳೆಯಿತು. ಮನೆಯ ಸದ್ದು ಸೇರಿದ್ದೆಲ್ಲ ‘ಹಾಳು’ ಚೀಲದಲ್ಲಿತ್ತು. ಅವರು ಹೋದ ವರ್ಷ ಆ ಚೀಲವನ್ನು ಪೂರ್ತಿ ಎತ್ತಿ ಮೈದುನನ ಕೈಗೆ ಕೊಟ್ಟವಳು ನಾನೇ. ಮನೆ ತುಂಬ ಕಸ ಯಾಕೆ, ಗದ್ದೆಗಾದರೂ ಆಗಲಿ ಎಂದು ಬೇರೆ ಹೇಳಿದ್ದೆ.

ಮರುದಿನ ಬೆಳಿಗ್ಗೆಯೇ ಅಂಕೋಲೆಯ ಬಸ್ಸು ಹತ್ತಿದೆ. ಬೊಬ್ರುವಾಡ ತಲುಪಿದಾಗ ಮೈದುನ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದ. ವಿಷಯ ಕೇಳಿ ಅವನಿಗೆ ನಗು ಬಂತು.

“ಅದೆಲ್ಲ ಗದ್ದೆಗೆ ಕಟ್ಟಿ ಮುಗೀತಲ್ಲ ಅತ್ತಿಗೆ. ನೀವೇ ಅಲ್ಲವಾ ಕೊಟ್ಟದ್ದು?”

“ಹೌದು ಮಾರಾಯ, ನಾನೇ ಕೊಟ್ಟದ್ದು. ಅದರಲ್ಲಿ ನಿನ್ನ ಅಣ್ಣನ ದನಿ ಇತ್ತು.”

ಅವನು ಕತ್ತಿ ಕೆಳಗಿಟ್ಟ. ಗದ್ದೆಯ ಕಡೆ ನೋಡಿದ. “ಗಾಳಿಗೆ ಗುಂಯ್‌ಗುಡ್ತಿತ್ತು,” ಎಂದ. “ಹಕ್ಕಿ ಹೆದರ್ತವೆ ಅಂತ ನಾವು ಖುಷಿಪಡ್ತಿದ್ವು.”

ಹನ್ನೆರಡು ಬೆಳೆ. ಅವರ ಮಾತೆಲ್ಲ ಹೋದದ್ದು ಗಿಳಿಗೂ ಗುಬ್ಬಿಗೂ. ನನಗೆ ಅಳು ಬಂತು, ಅವನೆದುರಿಗೇ ಅತ್ತೆ. ಅವನು ಏಣಿ ತಂದು ಅಟ್ಟ ಹತ್ತಿದ. ತುಂಬ ಹೊತ್ತು ಡಬ್ಬಗಳನ್ನು ಸರಿಸುವ ಸದ್ದಾಯಿತು. ಇಳಿದಾಗ ಕೈಯಲ್ಲಿ ಒಂದು ಕ್ಯಾಸೆಟ್ಟು ಇತ್ತು. ಅರ್ಧ ಪಟ್ಟಿ ಹೋದ ವರ್ಷ ಗದ್ದೆಗೆ ಹೋಗಿತ್ತು, ಉಳಿದರ್ಧವನ್ನು ಈ ಬೆಳೆಗೆಂದು ಎತ್ತಿಟ್ಟಿದ್ದ. ಮೇಲಿನ ಕೆಂಪಕ್ಷರ ಮಾಸಿದ್ದರೂ ಓದಲು ಬರುತ್ತಿತ್ತು.

“ಈ ವರ್ಷ ಹಕ್ಕಿಗೆ ಎಂತ ಮಾಡ್ತೆ?” ಎಂದು ಕೇಳಿದೆ.

“ಡಬ್ಬ ಬಡಿತೆ, ತಕಂಡು ಹೋಗಿ,” ಎಂದ.

ಬಸ್ಸಿನಲ್ಲಿ ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಬಂದೆ. ಭಾನುವಾರ ಹುಡುಗಿ ಕಡಿದ ತುದಿಯನ್ನು ಸೆಲ್ಲೋಟೇಪಿನಿಂದ ಗಾಲಿಗೆ ಅಂಟಿಸಿ, ಪೆನ್ಸಿಲ್ ಹಾಕಿ ಮೆಲ್ಲಗೆ ಸುತ್ತಿದಳು. ಎಷ್ಟು ಸಲ ತಡೆದುಕೊಳ್ಳುತ್ತದೋ ಗೊತ್ತಿಲ್ಲ, ಮೊದಲ ಸಲಕ್ಕೇ ಕಂಪ್ಯೂಟರಿಗೆ ಹಿಡಿಯಬೇಕು ಎಂದಳು. ಏನೇ ಆದರೂ ನಡುವೆ ನಿಲ್ಲಿಸಬೇಡ, ಏನನ್ನೂ ಚೊಕ್ಕ ಮಾಡಬೇಡ ಎಂದು ನಾನು ಹೇಳಿದೆ.

ಹಾಡು ನಡುವಿನಿಂದ ಶುರುವಾಯಿತು. ಹಿಂದೆ ಸುಸ್ಸ್ ಎಂಬ ಸದ್ದು, ಎಲ್ಲೋ ಕಾಗೆ, ದೂರದಲ್ಲಿ ಮೀನಿನವಳ ಕೂಗು. ನಾನು ಸಾರಿನ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಳೆ ಸದ್ದಾಯಿತು, ನನ್ನದೇ. ಆಮೇಲೆ ನನ್ನದೇ ದನಿ, ಎಳೆಯದು, ಸ್ವಲ್ಪ ಸಿಡುಕು: “ಮೀನಿನೋಳು ಬಂದಾಳೆ. ಬಂಗಡೆ ತಕಳ್ಳೋ, ಸುಂಗಟ ತಕಳ್ಳೋ?”

ಎಡಗಡೆಯ ಸ್ಪೀಕರಿನ ಹತ್ತಿರದಿಂದ, ಅವರು ಯಾವಾಗಲೂ ಕೂರುತ್ತಿದ್ದ ಜಾಗದಿಂದಲೇ ಬಂದ ಹಾಗೆ, “ಶ್ಶ್!” ಎಂದು ಕೇಳಿಸಿತು. ಕೂಡಲೇ ಟಕ್ ಎಂದು ಗುಂಡಿ ಒತ್ತಿದ ಸದ್ದು. ಮುಂದೆ ಖಾಲಿ.

ಅಷ್ಟೇ. ಮಾತಲ್ಲ, ಹೆಸರಲ್ಲ. ಆದರೆ ಆ ಹಲ್ಲಿನ ಸಂದಿಯ ಗಾಳಿ, ಆ ಸಿಟ್ಟು ಅವರದೇ. ಎಲ್ಲಿದ್ದರೂ ನನಗೆ ಗುರುತು ಸಿಗುತ್ತಿತ್ತು. ನಾನು ಸೌಟು ಎತ್ತಿದ್ದು ಎತ್ತಿದ ಹಾಗೇ, ಉಸಿರು ಬಿಗಿಹಿಡಿದು ನಿಂತುಬಿಟ್ಟಿದ್ದೆ. ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹುಡುಗಿ ತಿರುಗಿ ನೋಡಿದಳು. ಖಾಲಿ ಪಟ್ಟಿ ಮುಗಿಯುವ ತನಕ ಇಬ್ಬರೂ ಹಾಗೇ ಇದ್ದೆವು.

ಆಮೇಲೆ ಅವಳು ಕಣ್ಣೊರೆಸಿಕೊಂಡು, ಇದಕ್ಕೆ ಎಂತ ಹೆಸರು ಕೊಡಲಿ ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ಹೆಸರಿಲ್ಲದೆ ಏನನ್ನೂ ಇಡಲಾಗುವುದಿಲ್ಲವಂತೆ. ಮಾಮ ಬರೆದದ್ದನ್ನೇ ಬರಿ ಎಂದೆ.

ಈಗ ಹಾಕುವುದು ನನಗೇ ಬರುತ್ತದೆ. ಅಡುಗೆ ಮಾಡುತ್ತ ಹಾಕಿಕೊಳ್ಳುತ್ತೇನೆ. ಎಷ್ಟು ಸಲ ಕೇಳಿದರೂ ಆ ಜಾಗ ಬಂದಾಗ ನನ್ನ ಕೈ ತಾನಾಗಿ ನಿಲ್ಲುತ್ತದೆ. ಅವತ್ತು ನಾವು ಯಾವ ಮೀನು ತೆಗೆದುಕೊಂಡೆವು ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ನಾನು ಕೇಳಿದ್ದೇನೋ ಕೇಳಿದೆ, ಅವರು ಹೇಳಲೇ ಇಲ್ಲ.