ಫ್ರೀ ಟಿಕೆಟ್ಟಿಗೆ ಹೋದ ಹೆರೆಮಣೆ

ಮ್ಯೂಸಿಯಂನ ಮೂವತ್ತೆರಡು ಡಾಲರಿನ ಫ್ಯಾಮಿಲಿ ಟಿಕೆಟ್ ಉಳಿಸಲು ನನ್ನ ಅತ್ತೆಯ ಹೆರೆಮಣೆಯನ್ನು ಕೊಟ್ಟುಬಿಟ್ಟೆ. ಅವರಿಗೆ ಹೇಳದೆ. ಆಮೇಲೆ ಅದು ಕಾಣೆಯಾದದ್ದಕ್ಕೆ ಇನ್ನೊಬ್ಬರತ್ತ ಬೆರಳು ತೋರಿಸಿದೆ. ಇದಿಷ್ಟೇ ನನ್ನ ತಪ್ಪು — ಇಷ್ಟೇ ಎಂದು ಬರೆಯುವಾಗ ಕೈ ತಡೆಯುತ್ತದೆ.

ಟಿಕೆಟ್ ದುಬಾರಿ ಎಂದಲ್ಲ. ಬೋರ್ಡಿನಲ್ಲಿ ಬರೆದ ಬೆಲೆಯನ್ನು ಬರೆದ ಹಾಗೇ ಕೊಟ್ಟರೆ ನನಗೆ ಊಟ ಸೇರುವುದಿಲ್ಲ. ಮಂಗಳೂರಿನಿಂದ ಸ್ಟೂಡೆಂಟ್ ವೀಸಾದಲ್ಲಿ ಬಂದವನು ನಾನು. ಮಾರ್ಕೆಟ್ ಮುಚ್ಚುವ ಹೊತ್ತಿಗೆ ಹೋಗಿ ಉಳಿದ ತರಕಾರಿಯನ್ನು ಪೆಟ್ಟಿಗೆ ಲೆಕ್ಕದಲ್ಲಿ ಇಳಿಸಿ, ಹಾಗೆಯೇ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದವನು. ಬ್ಯಾಂಕಿನವರ ಹತ್ತಿರವೂ ಮಾರ್ಟ್‌ಗೇಜ್ ಬಡ್ಡಿ ಇಳಿಸಿಕೊಂಡವನು. ಮ್ಯೂಸಿಯಂ ಕೌಂಟರ್ ಎಂದರೆ ಸುಮ್ಮನಿರುವುದು ಹೇಗೆ?

ಆ ಹೆರೆಮಣೆ ಮಾಂಯ್‌ಗೆ — ಕೊಂಕಣಿಯಲ್ಲಿ ನಾವು ಅತ್ತೆಯನ್ನು ಕರೆಯುವುದು ಹಾಗೆ — ಅವರ ತಾಯಿ ಮದುವೆಯಲ್ಲಿ ಕೊಟ್ಟದ್ದು. ಮಣೆಯ ಮೇಲೆ ಕುಳಿತು ತೆಂಗಿನಕಾಯಿ ಹೆರೆಯಬೇಕು. ಮುಂದೆ ಹಲ್ಲಿನ ಕಬ್ಬಿಣ. ಮೆಲ್ಬರ್ನ್ ಏರ್‌ಪೋರ್ಟಿನಲ್ಲಿ ಅಧಿಕಾರಿಗಳು ಇದೇನು ಎಂದು ಕೇಳಿದಾಗ, ಮಾಂಯ್ ಅಲ್ಲೇ ನೆಲಕ್ಕಿಟ್ಟು, ಸೀರೆ ಸರಿಮಾಡಿಕೊಂಡು ಮೇಲೆ ಕುಳಿತು, ಇಲ್ಲದ ಕಾಯಿಯನ್ನು ಹೆರೆದು ತೋರಿಸಿ ಬಿಡಿಸಿಕೊಂಡು ಬಂದಿದ್ದರು. ಪ್ಯಾಕೆಟ್ ತುರಿಯನ್ನು ಅವರು ಮರದ ಹೊಟ್ಟು ಎನ್ನುತ್ತಿದ್ದರು. ಯಾರ ಮನೆಯಲ್ಲಿ ಅಡುಗೆಗೆ ಕೂಡುವುದಿದ್ದರೂ ಹೆರೆಮಣೆ ನಮ್ಮ ಕಾರಿನಲ್ಲಿ ಮುಂಚೆ ಹೊರಡುತ್ತಿತ್ತು.

ಆ ಶನಿವಾರ ಟಾರ್ನೀಟ್‌ನ ಫಿಲು ಆಂಟಿಯ ಮನೆಯಲ್ಲಿ ಕೋಳಿ ಸುಕ್ಕ. ಇಡೀ ಮೆಲ್ಬರ್ನಿನಲ್ಲಿ ಮಾಂಯ್‌ಗೆ ಇದ್ದ ಒಬ್ಬಳೇ ಗೆಳತಿ ಆಕೆ. ದಿನಾ ಫೋನಿನಲ್ಲಿ ಅರ್ಧ ಹೊತ್ತು ಜಗಳ, ಅರ್ಧ ಹೊತ್ತು ನಗು. ಭಾನುವಾರ ನಾನು ಮನೆಯವರನ್ನೆಲ್ಲ ಊರಾಚೆಯ ಹಳೆಯ ಮನೆಯೊಂದಕ್ಕೆ ಕರೆದೊಯ್ದೆ. ಈ ಕಡೆಗೆ ಮೊದಲು ಬಂದು ನೆಲೆಸಿದ ಬಿಳಿಯರ ಕುಟುಂಬವೊಂದರ ಮನೆ, ಈಗ ಮ್ಯೂಸಿಯಂ. ಹೆರೆಮಣೆ ಇನ್ನೂ ಡಿಕ್ಕಿಯಲ್ಲೇ ಇತ್ತು.

ಎಲ್ಲರೂ ಟಾಯ್ಲೆಟ್ಟಿಗೆ ಹೋದಾಗ ಕೌಂಟರಿನ ಅಜ್ಜಿಯ ಹತ್ತಿರ ಚೌಕಾಶಿ ಶುರುಮಾಡಿದೆ. ಆಕೆ ನಕ್ಕು ಗೋಡೆ ತೋರಿಸಿದಳು: ಹಳೆಯ ಮನೆಸಾಮಾನು ಕೊಟ್ಟವರ ಕುಟುಂಬಕ್ಕೆ ಪ್ರವೇಶ ಉಚಿತ.

ಡಿಕ್ಕಿ ತೆರೆದೆ.

"ತುಂಬಾ ಹಳೆಯದಾ?" ಎಂದಳು.

"ನಮ್ಮ ಕುಟುಂಬದ್ದು," ಎಂದೆ. ಇಂಥ ಅರ್ಧ ಸುಳ್ಳನ್ನು ನಾನು ಆಗ ಜಾಣತನ ಎನ್ನುತ್ತಿದ್ದೆ. ಏನಕ್ಕೆ ಬಳಸುವುದೆಂದು ಆಕೆ ಕೇಳುವಷ್ಟರಲ್ಲಿ ಮಾಂಯ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು — ಹೆರೆಮಣೆಯನ್ನು ಕೌಂಟರಿನ ಹಿಂದಕ್ಕೆ ಸರಿಸಿ ನಾನು ಎಲ್ಲರನ್ನೂ ಒಳಗೆ ತಳ್ಳಿದೆ.

ಒಳಗೆ ಸೌದೆ ಒಲೆ, ಕಬ್ಬಿಣದ ಕೆಟಲ್, ಬೆಣ್ಣೆ ಕಡೆಯುವ ಪೀಪಾಯಿ. ಮಾಂಯ್ ಮೂಗು ಮುರಿದರು.

"ಇದನ್ನು ನೋಡ್ಲಿಕ್ಕೆ ಟಿಕೆಟ್ಟಾ ಮಾರಾಯ? ನಮ್ಮ ಅಟ್ಟ ತೋರಿಸಿದ್ರೆ ಇವರು ಮೂರ್ಛೆ ಹೋದಾರು. ಎಷ್ಟು ಕೊಟ್ಟೆ?"

"ಫ್ರೀ, ಮಾಂಯ್."

"ಅಳಿಯ ಅಂದ್ರೆ ಹೀಗಿರ್ಬೇಕು!" ಎಂದು ನನ್ನ ಬೆನ್ನು ತಟ್ಟಿದರು. ಆ ತಟ್ಟು ಈಗಲೂ ಅಲ್ಲೇ ಇದೆ.

ಮರುದಿನ ಬೆಳಿಗ್ಗೆ ಕಾಯಿ ಒಡೆದಿಟ್ಟು ಹೆರೆಮಣೆ ಹುಡುಕಿದರು. ಆಗಲೇ ಹೇಳಬಹುದಿತ್ತು, ಮ್ಯೂಸಿಯಂ ಒಂದು ಗಂಟೆಯ ದಾರಿ, ಹೋಗಿ ತರಬಹುದಿತ್ತು. ಆದರೆ ನನ್ನ ಬಾಯಿ — "ಫಿಲು ಆಂಟಿಯ ಮನೆಯಲ್ಲೇ ಉಳಿಯಿತೇನೋ."

ಫಿಲು ಆಂಟಿ ಇಲ್ಲ ಎಂದರು. ಮಾಂಯ್ ಇನ್ನೊಮ್ಮೆ ಹುಡುಕು ಎಂದರು. "ನನ್ನನ್ನು ಕಳ್ಳಿ ಮಾಡಿದ್ಯಾ?" ಎಂದು ಅತ್ತಲಿಂದ ಬಂತು; "ನಾನು ಹಾಗೆ ಹೇಳಿದ್ನಾ? ನೀನೇ ಹೇಳಿಕೊಂಡದ್ದು!" ಎಂದು ಇತ್ತಲಿಂದ ಹೋಯಿತು. ಅಲ್ಲಿಗೆ ಫೋನ್ ನಿಂತಿತು. ಊರಿಗೆ ಹೊರಡುವವರೆಗೂ ಮಾಂಯ್ ಮಧ್ಯಾಹ್ನ ಫೋನಿನ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದರು. ನಾನು ಅವರ ಮುಂದೆಯೇ ಓಡಾಡುತ್ತಿದ್ದೆ — ನೀರು ಕುಡಿಯಲು, ಕಾರಿನ ಕೀ ಹುಡುಕಲು... ಚರ್ಚಿನಲ್ಲಿ ಪಾದ್ರಿಗೆ ಪಾಪ ಹೇಳುವಾಗಲೂ ಇದನ್ನು 'ಮತ್ತಿತರ ಸಣ್ಣಪುಟ್ಟ'ದಲ್ಲಿ ಸೇರಿಸಿ ದಾಟಿಸಿದೆ.

ಮೂರು ವರ್ಷದ ಮೇಲೆ ಮಗಳು ಸ್ಕೂಲಿನಿಂದ ಅದೇ ಮ್ಯೂಸಿಯಂಗೆ ಹೋಗಿಬಂದಳು. ಊಟಕ್ಕೆ ಕುಳಿತು, "ಡ್ಯಾಡ್, ಗ್ರ್ಯಾಂಡ್‌ಮಾಸ್ ಕೋಕನಟ್ ಥಿಂಗ್ ಈಸ್ ದೇರ್!" ಎಂದಳು. ಅಡುಗೆಮನೆ ಬಾಗಿಲಲ್ಲಿ ಇಟ್ಟಿದ್ದಾರಂತೆ, ಪಕ್ಕದಲ್ಲಿ ಒಂದು ಜೊತೆ ಬೂಟು. ಬೂಟಿನ ಕೆಸರು ಕೆರೆಯುವ ಸಾಧನ ಎಂದು ಚೀಟಿ.

ನನ್ನ ಹೆಂಡತಿ ಲವೀನಾ ಸೌಟು ಕೆಳಗಿಟ್ಟಳು. ನನ್ನ ಮುಖ ನೋಡಿದಳು. ಅವಳಿಗೆ ಬೇರೇನೂ ಕೇಳಬೇಕಾಗಲಿಲ್ಲ.

"ನಾನು ಅಮ್ಮನಿಗೆ ಹೇಳುವುದಿಲ್ಲ. ನೀವೇ ಹೇಳಿ," ಎಂದಳು.

ಮೊದಲು ಮ್ಯೂಸಿಯಂಗೆ ಓಡಿದೆ. ಅದೇ ಅಜ್ಜಿ. ಬೆಲೆ ಹೇಳಿದೆ, ಏರಿಸಿದೆ, ಮತ್ತೂ ಏರಿಸಿದೆ. ಒಮ್ಮೆ ಸಂಗ್ರಹಕ್ಕೆ ಸೇರಿದ್ದು ಮಾರಾಟಕ್ಕಿಲ್ಲ ಎಂದು ಆಕೆ ಮೆತ್ತಗೆ ಹೇಳಿದಳು. ಚೀಟಿ ಬೇಕಾದರೆ ತಿದ್ದುತ್ತೇವೆ, ಬಳಸಿದವರನ್ನು ಕರೆತನ್ನಿ ಎಂದಳು. ಬದುಕಿನಲ್ಲಿ ಮೊದಲ ಸಲ ಚೌಕಾಶಿ ಮಾಡಿ ಬರಿಗೈಯಲ್ಲಿ ಬಂದೆ.

ಅಲ್ಲಿಂದ ನೇರ ಟಾರ್ನೀಟ್. ಫಿಲು ಆಂಟಿ ಪೂರ್ತಿ ಕೇಳಿಸಿಕೊಂಡರು.

"ಒಳ್ಳೆ ವ್ಯಾಪಾರ ಮಾರಾಯ. ನನ್ನನ್ನೂ ಅಲ್ಲಿ ಕೂರಿಸಿ ಬಂದಿದ್ರೆ ವರ್ಷ ಇಡೀ ಫ್ರೀ ಕೊಡ್ತಿದ್ರೋ ಏನೋ."

ನಗಲು ಹೊರಟೆ. ಅವರು ನಗುತ್ತಿರಲಿಲ್ಲ.

ಮಾಂಯ್ ಈ ಸಲ ಊರಿನಿಂದ ಬಂದು ಸಿಡ್ನಿಯಲ್ಲಿ, ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸ ಮಾಡುವ ಮಗನ ಮನೆಯಲ್ಲಿದ್ದಾರೆ. ಶನಿವಾರ ಮೆಲ್ಬರ್ನಿಗೆ ಬರುತ್ತಾರೆ. ಏರ್‌ಪೋರ್ಟಿಗೆ ಫಿಲು ಆಂಟಿಯೂ ಬರುತ್ತೇನೆಂದಿದ್ದಾರೆ — ಬೈಯಲಿಕ್ಕೆ, ಎಂದು ಸ್ಪಷ್ಟ ಹೇಳಿದ್ದಾರೆ. ಕಾರು ಹೊರಡುವ ಮೊದಲೇ, ಇಬ್ಬರ ಎದುರಿಗೇ ಹೇಳುತ್ತೇನೆ. ಭಾನುವಾರ ಮ್ಯೂಸಿಯಂಗೆ ಬುಕ್ ಮಾಡಿದ್ದೇನೆ. ಮಾಂಯ್ ನನ್ನ ಜೊತೆ ಬರುತ್ತಾರೋ ಇಲ್ಲವೋ, ಗೊತ್ತಿಲ್ಲ. ಫುಲ್ ರೇಟ್ ಕೊಟ್ಟಿದ್ದೇನೆ. ಸೀನಿಯರ್ ರಿಯಾಯಿತಿ ಇದೆಯೇ ಎಂದೂ ಕೇಳಲಿಲ್ಲ.

ನಿಮಗೆ ನನ್ನ ಸಲಹೆ ಇಷ್ಟು: ಚೌಕಾಶಿ ಮಾಡಿ, ಬಿಡಬೇಡಿ, ಆದರೆ ಕೌಂಟರಿಗೆ ಹೋಗುವ ಮೊದಲು ಡಿಕ್ಕಿಗೆ ಬೀಗ ಹಾಕಿ, ಕೀಯನ್ನು ಅತ್ತೆಯ ಕೈಯಲ್ಲಿ ಕೊಡಿ.