ಜಪಾನಿಗೆ ಹೊರಟವರಿಗೆ ಭದ್ರಾವತಿಯಲ್ಲಿ ತಾಲೀಮು

ಭದ್ರಾವತಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕಬ್ಬಿಣದ ಕಾರ್ಖಾನೆಯ ಕಡೆ ಆಕಾಶ ಕೆಂಪಗಿದೆ, ಆದರೆ ಅದು ಸೂರ್ಯನ ಕೆಂಪಲ್ಲ, ಕುಲುಮೆಯದು. ಹೊಳೆಯ ದಂಡೆಯ ಬಾಡಿಗೆ ಮನೆಯೊಂದರ ಹಿತ್ತಲಿನಲ್ಲಿ ಗೋಣಿತಾಟಿನ ಮರೆ ಕಟ್ಟಿದೆ. ಮರೆಯ ಒಳಗೆ ಎದೆಮಟ್ಟದ ಮರದ ತೊಟ್ಟಿ, ತೊಟ್ಟಿಯ ತುಂಬ ಹಬೆಯಾಡುವ ನೀರು, ಪಕ್ಕದಲ್ಲಿ ಪಂಚೆ ಸುತ್ತಿಕೊಂಡು ನಡುಗುತ್ತ ನಿಂತ ಐವರು ಗಂಡಸರು. ಮರೆಯ ಹೊರಗೆ, ಅವರಿಗೆ ಬೆನ್ನು ಹಾಕಿ, ಒಗೆಯುವ ಕಲ್ಲಿನ ಮೇಲೆ ಕೂತು ಹುಕುಂ ಕೊಡುತ್ತಿರುವವರು ಶಿವಮೊಗ್ಗದ, ನಲವತ್ತೆಂಟು ವರ್ಷದ ಸುಬ್ಬಲಕ್ಷ್ಮಮ್ಮ.

"ಮೊದಲು ಹೊರಗೆ ಕೂತು ಮೈ ಉಜ್ಜಿ ತೊಳ್ಕೊಳ್ಳಿ. ಪೂರ್ತಿ ತೊಳ್ಕೊಂಡ ಮೇಲೇ ತೊಟ್ಟಿಗೆ ಇಳಿಯೋದು. ಷಡಕ್ಷರಪ್ಪನವರೇ, ಸೋಪು ಕೈಲಿ ಹಿಡ್ಕೊಂಡೇ ಇಳೀತಿದೀರಾ?"

ಒಳಗೆ ಸೋಪು ಕೆಳಗಿಟ್ಟ ಸದ್ದು. ಆಮೇಲೆ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಎಲ್ಲರನ್ನೂ ನಡುಗಿಸುವ ಅದೇ ದನಿ, ಸಣ್ಣದಾಗಿ ಕೇಳುತ್ತದೆ: "ಅಲ್ಲಮ್ಮಾ, ನಿಮಗೆ ಹೆಂಗೆ ಕಾಣ್ತು?"

"ಕಾಣೋದೇನು ಬಂತು, ಹೋದ ವಾರಾನೂ ಹಂಗೇ ಮಾಡಿದ್ರಿ."

ಇವರೆಲ್ಲ ಈ ೧೯೩೬ರ ಮಾರ್ಚಿನಲ್ಲಿ ಜಪಾನಿಗೆ ಹೊರಡುವವರು. ಗಂಡಸರು ಐವರು, ಹೆಂಗಸರು ನಾಲ್ವರು. ಶಿವಮೊಗ್ಗದಿಂದ ರೈಲು, ಕೊಲಂಬೊದಿಂದ ಹಡಗು, ಮೂರು ವಾರದ ಸಮುದ್ರ, ಆಮೇಲೆ ಕೋಬೆ ಬಂದರು. ಅಲ್ಲಿ ಇಪ್ಪತ್ತು ದಿನ ದೇವಸ್ಥಾನ, ಬೌದ್ಧ ಮಠ, ಬಿಸಿನೀರಿನ ಬುಗ್ಗೆ, ಬೆಟ್ಟ, ಜಿಂಕೆಗಳು ಮನುಷ್ಯರ ಕೈಯಿಂದ ತಿನ್ನುವ ಊರು, ಎಲ್ಲಕ್ಕಿಂತ ಹೆಚ್ಚಾಗಿ ಸಕುರ ಎಂಬ ಹೂವು. ಯಾವ ದಿನ ಎಲ್ಲಿ ಊಟ, ಎಲ್ಲಿ ನಿದ್ದೆ, ಯಾರ ಟ್ರಂಕಿನಲ್ಲಿ ಚಟ್ನಿಪುಡಿ, ಯಾರ ಗಂಟಿನಲ್ಲಿ ಹುಣಿಸೆ ಗೊಜ್ಜು ಎಂಬುದನ್ನೆಲ್ಲ ನಿಶ್ಚಯಿಸಿದವರು ಈ ಹೆಂಗಸು. ಹಡಗನ್ನು ಅವರು ಕಣ್ಣಿನಿಂದ ನೋಡಿಲ್ಲ.

ತೊಟ್ಟಿ ಸ್ನಾನಕ್ಕೆ ಗುಂಪು ಒಗ್ಗಿದ್ದು ಸುಲಭದಲ್ಲಲ್ಲ. ಜಪಾನಿನಲ್ಲಿ ಒಂದೇ ತೊಟ್ಟಿಯ ನೀರಿಗೆ ಒಬ್ಬರಾದ ಮೇಲೆ ಒಬ್ಬರು ಇಳಿಯುತ್ತಾರೆ ಎಂದಾಗ ಮಡಿವಂತರೆಲ್ಲ ಮುಖ ಮುರಿದರು. ಇನ್ನೊಬ್ಬರು ಮಿಂದ ನೀರೇ, ಶಿವ ಶಿವಾ! ಸುಬ್ಬಲಕ್ಷ್ಮಮ್ಮ ಒಂದೇ ಮಾತು ಕೇಳಿದರು: "ಕಾಶೀಲಿ ಗಂಗೆಗೆ ಇಳಿದ್ರಲ್ಲ, ಮೇಲುಗಡೆ ಎಷ್ಟು ಜನ ಮಿಂದಿದಾರೆ ಅಂತ ಕೇಳಿಕೊಂಡು ಇಳಿದ್ರಾ?" ಅಲ್ಲಿಗೆ ಆ ಚರ್ಚೆ ಮುಗಿಯಿತು.

ಹೊರಡುವ ಮೊದಲು ಊರಿನಲ್ಲೇ ತಾಲೀಮು ಮಾಡಿಸುವುದು ಅವರ ಪದ್ಧತಿ. ಅದರ ಹಿಂದೆ ಒಂದು ನೋವಿದೆ. ಹದಿನೈದು ವರ್ಷದ ಹಿಂದೆ, ಅತ್ತೆ ತೀರಿಕೊಂಡ ಮೇಲೆ, ಅವರು ನಡೆಸುತ್ತಿದ್ದ ಕಾಶೀಯಾತ್ರೆಯ ಗುಂಪು ಸೊಸೆಯ ಕೈಗೆ ಬಂತು. ಮೊದಲ ಯಾತ್ರೆಯಲ್ಲೇ ಕರಿಯಮ್ಮ ಎಂಬ ಮುದುಕಿ ದೊಡ್ಡದೊಂದು ಜಂಕ್ಷನ್ನಿನಲ್ಲಿ ರೈಲಿನ ಆಚೆ ಮಗ್ಗುಲಿಗೆ ಇಳಿದು ಕಳೆದುಹೋದರು. ಭಾಷೆ ಬರದು, ಊರಿನ ಹೆಸರು ಬಿಟ್ಟರೆ ಬೇರೆ ವಿಳಾಸ ಗೊತ್ತಿಲ್ಲ. ಆರು ಗಂಟೆ ಹುಡುಕಿದ ಮೇಲೆ ನೀರಿನ ಟ್ಯಾಂಕಿನ ಕೆಳಗೆ, ಗಂಟು ಅಪ್ಪಿಕೊಂಡು ಕೂತಿದ್ದರು.

"ಆ ಮುದುಕಿ ನನ್ನ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಸುಬ್ಬಲಕ್ಷ್ಮಮ್ಮ. "ನೀನು ಬರ್ತೀಯ ಅಂತ ಗೊತ್ತಿತ್ತು ಕಣವ್ವಾ ಅಂದ್ಲು. ನನಗಂತೂ ಗೊತ್ತಿರಲಿಲ್ಲ. ಅವತ್ತೇ ನಿಶ್ಚಯ ಮಾಡಿದೆ. ಎಡವೋದಿದ್ರೆ ಇಲ್ಲೇ ಎಡವಲಿ, ಎತ್ತೋಕೆ ನಾನಿರ್ತೀನಿ."

ಅಲ್ಲಿಂದ ಈಚೆಗೆ ಇಪ್ಪತ್ತಮೂರು ಯಾತ್ರೆ, ನಾನೂರಕ್ಕೂ ಹೆಚ್ಚು ಜನ. ಒಬ್ಬರೂ ಕಳೆದುಹೋಗಿಲ್ಲ. ಶಿವಮೊಗ್ಗ ಸ್ಟೇಷನ್ನಿನ ಪೋರ್ಟರುಗಳಿಗೆ ಇವರ ಗುರುತು ಚೆನ್ನಾಗಿದೆ, ಏಕೆಂದರೆ ಹೊರಡುವುದಕ್ಕೆ ಒಂದು ತಿಂಗಳ ಮುಂಚೆ ಗುಂಪನ್ನೆಲ್ಲ ಪ್ಲಾಟ್‌ಫಾರಮ್ಮಿಗೆ ಕರೆತಂದು, ಅವರವರ ಗಂಟು ಅವರವರೇ ಹೊತ್ತು ರೈಲು ಹತ್ತಿ ಇಳಿಯುವಂತೆ ಮಾಡುತ್ತಾರೆ. ಸುಬ್ಬಲಕ್ಷ್ಮಮ್ಮ ಬೆಳಗಿನ ನಾಲ್ಕಕ್ಕೆ ಏಳುತ್ತಾರೆ. ಮನೆಗೆಲಸ ಮುಗಿಸಿ ಹತ್ತಕ್ಕೆ ಅಂಚೆ ಕಚೇರಿಯಲ್ಲಿರುತ್ತಾರೆ. ಜಪಾನಿನ ಏರ್ಪಾಡಿಗೆ ಈವರೆಗೆ ಹೋದ ಕಾಗದ ಅರವತ್ತನಾಲ್ಕು, ಬಂದ ಉತ್ತರ ಮೂವತ್ತೊಂದು. ಕಾಗದಗಳನ್ನು ಇಂಗ್ಲಿಷಿನಲ್ಲಿ ಬರೆಯುವವರು ಪತಿ ಜನಾರ್ದನಯ್ಯ, ಮಿಡ್ಲ್‌ಸ್ಕೂಲಿನ ಮೇಷ್ಟರು. "ನನ್ನದು ಬರೀ ಕೈ, ತಲೆ ಅವಳದ್ದು," ಎಂದು ನಗುತ್ತಾರೆ.

ಜಪಾನಿನ ವಿಚಾರ ಹುಟ್ಟಿದ್ದು ಭದ್ರಾವತಿಯಲ್ಲಿ. ಇಲ್ಲಿನ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದಿರುವ ಹಯಾಶಿ ಎಂಬ ಫಿಟ್ಟರು ಎರಡು ವರ್ಷದಿಂದ ಈ ಊರಲ್ಲಿ, ಹೊಳೆಯ ದಂಡೆಯ ಇದೇ ಬಾಡಿಗೆ ಮನೆಯಲ್ಲಿದ್ದಾರೆ. ಪೇಟೆಯ ಕನ್ನಡ ಕಲಿತಿದ್ದಾರೆ. ಒಮ್ಮೆ ಷಡಕ್ಷರಪ್ಪನವರಿಗೂ ಅವರ ಪತ್ನಿ ಪುಷ್ಪಮ್ಮನವರಿಗೂ ತಮ್ಮೂರಿನ ಒಂದು ಫೋಟೋ ತೋರಿಸಿದರು. ಎಲೆಯೇ ಕಾಣದಷ್ಟು ಹೂವು ಹೊತ್ತ ಮರಗಳು, ಕೆಳಗೆ ಚಾಪೆ ಹಾಸಿಕೊಂಡು ಬುತ್ತಿ ಉಣ್ಣುವ ಸಂಸಾರಗಳು. ಪುಷ್ಪಮ್ಮ ಫೋಟೋವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಅವರ ದೃಷ್ಟಿ ದಿನದಿನಕ್ಕೆ ಮಂಜಾಗುತ್ತಿದೆ. ಮುಂದಿನ ವರ್ಷದ ಮಾತು ಕೊಡಲಾರೆ ಎಂದು ಬೆಂಗಳೂರಿನ ಕಣ್ಣಿನ ಡಾಕ್ಟರು ಹೇಳಿಯಾಗಿದೆ. "ಇದೊಂದು ನೋಡಿಬಿಡ್ತೀನಿ, ಆಮೇಲೆ ಹೆಂಗಾದ್ರೂ ಆಗ್ಲಿ," ಎಂದರಂತೆ. ಷಡಕ್ಷರಪ್ಪ ಮಾರನೆಯ ದಿನವೇ ಸುಬ್ಬಲಕ್ಷ್ಮಮ್ಮನವರ ಜಗುಲಿಯ ಮೇಲಿದ್ದರು.

ಸುಬ್ಬಲಕ್ಷ್ಮಮ್ಮ ಹಯಾಶಿಯವರನ್ನು ಹತ್ತು ಭಾನುವಾರ ಎದುರಿಗೆ ಕೂರಿಸಿಕೊಂಡು ಹಿಂಡಿ ಹಿಪ್ಪೆ ಮಾಡಿದರು. ಅಲ್ಲಿ ಬರೀ ತರಕಾರಿಯ ಸಾರಿಗೂ ಒಣಮೀನಿನ ರಸ ಬೀಳುತ್ತದೆ ಎಂಬ ಗುಟ್ಟು ಹೊರಬಿದ್ದದ್ದು ಆಗಲೇ. ಒಂದು ರಾತ್ರಿ ಮಂಕಾಗಿದ್ದು, ಬೆಳಿಗ್ಗೆ ಎದ್ದು, "ಹಂಗಾದ್ರೆ ಅಲ್ಲಿನ ಸನ್ಯಾಸಿಗಳು ಏನು ತಿಂತಾರೆ?" ಎಂದು ಕೇಳಿದರು. ಮಠಗಳಲ್ಲಿ ಮೀನು ಮಾಂಸವಿಲ್ಲದ ಅಡುಗೆ ಇದೆ, ಯಾತ್ರಿಕರಿಗೆ ಉಳಿಯಲು ಕೋಣೆಯೂ ಇದೆ. ಹಾಗೆ ಇಪ್ಪತ್ತರಲ್ಲಿ ಹದಿಮೂರು ದಿನದ ವಸತಿ ಮಠಗಳಿಗೆ ಹೋಯಿತು. ಕೋಬೆಯಲ್ಲಿ ಗುಜರಾತಿ ವ್ಯಾಪಾರಿಯೊಬ್ಬರ ಮನೆಯ ಅಡುಗೆ. ಹಡಗಿಳಿದ ಕ್ಷಣದಿಂದ ಜೊತೆಗಿದ್ದು ಊರು ತೋರಿಸುವವರು ಹಯಾಶಿಯವರ ತಮ್ಮ.

ಇಷ್ಟೆಲ್ಲ ಏರ್ಪಾಡು ಮಾಡಿದ ಸುಬ್ಬಲಕ್ಷ್ಮಮ್ಮ ತಾವೇ ಏಕೆ ಹೋಗುತ್ತಿಲ್ಲ? "ಮನೇಲಿ ಭಾವನವರು ಸಮುದ್ರ ದಾಟಬಾರದು ಅಂತಾರೆ. ಅವರ ಹತ್ರ ಜಗಳ ಆಡೋಕೆ ನನಗೇನೂ ಹೆದರಿಕೆ ಇಲ್ಲ. ಪುರುಸೊತ್ತಿಲ್ಲ ಅಷ್ಟೆ."

ಸ್ನಾನದ ತಾಲೀಮು ಮುಗಿದು, ಹೆಂಗಸರ ಸರದಿಯೂ ಆಗಿ, ಈಗ ಮಧ್ಯಾಹ್ನದ ಊಟ. ಪಂಕ್ತಿ ಎರಡು, ಹೊತ್ತು ಒಂದೇ. ಎಲ್ಲರೂ ಮೊಣಕಾಲು ಮಡಿಸಿ ಹಿಮ್ಮಡಿಯ ಮೇಲೆ ಕೂತಿದ್ದಾರೆ. ಜಪಾನಿನವರಂತೆ, ನೆನೆಸಿದ ಕಡಲೆಯನ್ನು ಎರಡು ಬಿದಿರು ಕಡ್ಡಿಯಲ್ಲಿ ಹಿಡಿದು ಎತ್ತಬೇಕು. ಷಡಕ್ಷರಪ್ಪನವರ ಕಡಲೆಗಳು ಪಕ್ಕದವರ ಎಲೆಗೆ ಹಾರುತ್ತಿವೆ. ಪುಷ್ಪಮ್ಮ ಮಾತ್ರ ಬೆರಳಿನಿಂದ ತಡವಿ, ಗುರಿ ಹಿಡಿದು, ಒಂದೊಂದೇ ಎತ್ತುತ್ತಾರೆ. "ಮಾರಾಯ್ತಿ, ನಿನಗೆ ಹೆಂಗೆ ಬರ್ತದೆ?" ಎಂದು ಗಂಡ ಕೇಳಿದರೆ, "ನೀವು ಕಣ್ಣಲ್ಲಿ ಹಿಡೀತೀರಿ, ನಾನು ಕೈಯಲ್ಲಿ," ಎನ್ನುತ್ತಾರೆ.

ಅದೇ ಹೊತ್ತಿಗೆ ಜನಾರ್ದನಯ್ಯ ಶಿವಮೊಗ್ಗದಿಂದ ರೈಲಿನಲ್ಲಿ ಬಂದಿಳಿಯುತ್ತಾರೆ, ಕೈಯಲ್ಲಿ ಮದ್ರಾಸಿನ ಏಜೆಂಟರ ಕಾಗದ. ಹಡಗು ಗೊತ್ತಾಗಿದೆ: ಮಾರ್ಚ್ ಇಪ್ಪತ್ತೆಂಟಕ್ಕೆ ಕೋಬೆ. ಪಡಸಾಲೆಯಲ್ಲಿ ಕೂತಿದ್ದ ಹಯಾಶಿ ಅದನ್ನು ಓದುತ್ತಾರೆ, ಬೆರಳು ಮಡಿಸಿ ಎಣಿಸುತ್ತಾರೆ, ಮತ್ತೊಮ್ಮೆ ಎಣಿಸುತ್ತಾರೆ.

"ಅಮ್ಮ, ಹೂ ಇಲ್ಲ. ಆವಾಗ ಮೊಗ್ಗು."

ಸುಬ್ಬಲಕ್ಷ್ಮಮ್ಮ ತಮ್ಮ ನೋಟ್‌ಬುಕ್ಕು ತೆಗೆಯುತ್ತಾರೆ. ಸ್ವಂತ ಅಕ್ಷರದಲ್ಲಿ ಬರೆದಿದ್ದಾರೆ: ಸಕುರ, ರಾಮನವಮಿಗೆ. ತಪ್ಪು ಎಲ್ಲಿ ಆಯಿತು ಎಂದು ತಿಳಿಯಲು ಅವರಿಗೆ ನಿಮಿಷವೂ ಬೇಕಾಗಲಿಲ್ಲ. ಕಳೆದ ವರ್ಷ ಹೂವು ತುಂಬಿದ್ದು ಏಪ್ರಿಲ್ ಹನ್ನೆರಡಕ್ಕೆ ಎಂದು ಹಯಾಶಿ ಹೇಳಿದ್ದರು. ಪಂಚಾಂಗ ನೋಡಿದರೆ ಅದು ರಾಮನವಮಿ. ಗ್ರಹಣಸ್ನಾನ, ಮಾಘಸ್ನಾನ, ಗಯೆಯ ಶ್ರಾದ್ಧ, ಎಲ್ಲವನ್ನೂ ಹದಿನೈದು ವರ್ಷ ತಿಥಿಯಲ್ಲೇ ಬರೆದುಕೊಂಡ ಕೈ ಹೂವನ್ನೂ ಹಾಗೆಯೇ ಬರೆದುಕೊಂಡಿತು. ಈ ವರ್ಷ ರಾಮನವಮಿ ಬರುವುದು ಹತ್ತು ಹನ್ನೊಂದು ದಿನ ಮುಂಚೆ. ಮರಕ್ಕೆ ಅದು ಗೊತ್ತಿಲ್ಲ. ಐದಾರು ದಿನ ನಿಲ್ಲುವ ಹೂವು ಅರಳುವ ಹೊತ್ತಿಗೆ ಗುಂಪು ಬಹಳ ದೂರ, ಉತ್ತರದ ಹಿಮದ ಊರುಗಳಲ್ಲಿರುತ್ತದೆ.

"ನಮ್ಮ ಹಿತ್ತಲ ಮಾವಿನ ಮರಾನೂ ಪಂಚಾಂಗ ನೋಡಿ ಹೂ ಬಿಡಲ್ಲ. ಇಷ್ಟು ತಿಳೀಲಿಲ್ಲ ನೋಡಿ ನನಗೆ."

ಹಯಾಶಿ ಒಳ್ಳೆಯ ಮನುಷ್ಯರು. ಒಳಗಿನ ನಗೆ ಕೇಳಿ, ದನಿ ತಗ್ಗಿಸಿ, ಕೆಲವು ವರ್ಷ ಹೂವು ಬೇಗ ಬರುವುದುಂಟು, ನೋಡೋಣ ಎನ್ನುತ್ತಾರೆ. ಸುಮ್ಮನಿದ್ದುಬಿಡಲು ಅಷ್ಟು ಸಾಕು. ಈ ಸಲ ಹೂವು ತಡ ಎಂದರೆ ಯಾರಾದರೂ ನಂಬುತ್ತಾರೆ. ಬಾಯಿಬಿಟ್ಟರೆ ಗುಂಪು ಉಳಿಯುತ್ತದೆಂಬ ಭರವಸೆಯಿಲ್ಲ. ಹೊರಡುವ ಮುಹೂರ್ತ ಇಟ್ಟಾಗಿದೆ, ರಜೆ ಬರೆದಾಗಿದೆ. ಒಂದು ನೆಪ ಸಿಕ್ಕರೆ ಹಿಂದೆ ಸರಿಯಲು ಇಬ್ಬರು ಮೂವರು ಕಾದೇ ಇದ್ದಾರೆ. ಗುಂಪು ಒಡೆದರೆ ಮುಂದಿನ ವರ್ಷ ಪುಷ್ಪಮ್ಮನವರ ಪಾಲಿಗೆ ಇಲ್ಲ. ಸುಬ್ಬಲಕ್ಷ್ಮಮ್ಮ ನೋಟ್‌ಬುಕ್ಕು ಮುಚ್ಚುತ್ತಾರೆ.

ಅವರು ಎದ್ದು ಒಳಗೆ ಹೋಗಿ ಪಂಕ್ತಿಯ ನಡುವೆ ನಿಲ್ಲುತ್ತಾರೆ. "ಕಡ್ಡಿ ಕೆಳಗಿಡಿ. ನಾನು ದಿನ ತಪ್ಪಾಗಿ ಇಟ್ಟಿದೀನಿ. ತಪ್ಪು ನಂದು, ಹಯಾಶಿಯವರದ್ದಲ್ಲ, ಏಜೆಂಟರದ್ದೂ ಅಲ್ಲ. ಈ ಹಡಗಿಗೆ ಹೊರಟ್ರೆ ನಿಮಗೆ ಹೂವು ಸಿಗಲ್ಲ. ಹದಿನಾಲ್ಕು ದಿನ ಬಿಟ್ಟು ಇನ್ನೊಂದು ಹಡಗಿದೆ ಅಂತ ಏಜೆಂಟರು ಬರೆದಿದಾರೆ."

ಷಡಕ್ಷರಪ್ಪ ಎದ್ದೇಬಿಟ್ಟರು. "ಇಡೀ ಮಂಡಿಗೆ ಹೇಳಿದೀನಿ ಕಣಮ್ಮಾ! ದಲ್ಲಾಳಿಗಳು ನನ್ನ ಮುಖ ನೋಡಿ ನಗ್ತಾರೆ. ದಿನ ಇಡೋಕೆ ಬರ್ದಿದ್ರೆ ಯಾಕೆ ಒಪ್ಕೊಂಡ್ರಿ?" ಎಂದು ಕೂಗಾಡಿ, ಅರ್ಧ ಊಟದಿಂದ ಹೊಳೆಯ ಕಡೆ ನಡೆದರು. ರಜೆ ಬದಲಾಗದ ಒಬ್ಬ ಅಮಲ್ದಾರರು, ಅವರ ಹಿಂದೆಯೇ ಅವರ ಹೆಂಡತಿ, ನಾವಿಲ್ಲ ಎಂದರು. ಇನ್ನೊಬ್ಬಾಕೆ ಸತ್ಯಭಾಮಮ್ಮ, ರಾಮನವಮಿಯ ಪಾನಕ ಹಡಗಿನಲ್ಲೇ ಕುಡಿಯಬೇಕಲ್ಲ ಎಂದು ಪೇಚಾಡಿದರು, ಆದರೆ ಎದ್ದುಹೋಗಲಿಲ್ಲ. ಸುಬ್ಬಲಕ್ಷ್ಮಮ್ಮ ಯಾರನ್ನೂ ಓಲೈಸದೆ ಎಲ್ಲರ ಎಲೆಗೆ ಮಜ್ಜಿಗೆ ಬಡಿಸಿದರು. ಅಂಥ ಹೊತ್ತಿನಲ್ಲಿ ಮಜ್ಜಿಗೆ ಬಡಿಸಲು ಬೇಕಾದ ಎದೆಗಾರಿಕೆ ಎಲ್ಲರಿಗೂ ಬರುವಂಥದ್ದಲ್ಲ.

ಆಮೇಲೆ ಹಯಾಶಿಯವರ ಪಕ್ಕ ಕೂತು ಹೊಸ ಹಾಳೆ ತೆರೆದರು. ಈ ಸಲ ಇಂಗ್ಲಿಷ್ ತಾರೀಕು. ಏಪ್ರಿಲ್ ಹನ್ನೊಂದಕ್ಕೆ ಕೋಬೆ, ಹನ್ನೆರಡಕ್ಕೆ ಹೂವಿನ ಊರು ಕ್ಯೋಟೊ. ಹೂವು ಅವಸರ ಮಾಡಿ ಉದುರಿದ್ದರೆ? ಯೊಶಿನೊ ಎಂಬ ಬೆಟ್ಟವಿದೆ. ಬುಡದ ಮರ ಮೊದಲು, ನೆತ್ತಿಯ ಮರ ಕೊನೆಗೆ ಅರಳುತ್ತದೆ ಎಂದರು ಹಯಾಶಿ. ಸುಬ್ಬಲಕ್ಷ್ಮಮ್ಮ ಬರೆದುಕೊಂಡರು: ಕೆಳಗೆ ಉದುರಿದ್ದರೆ ಮೇಲೆ ಹತ್ತುವುದು, ಪುಷ್ಪಮ್ಮನಿಗೆ ಡೋಲಿ. ಹಿಮದ ಊರುಗಳನ್ನು ಪಟ್ಟಿಯಿಂದ ಹೊಡೆದುಹಾಕಿದರು. ಮಠಗಳಿಗೆ, ಕೋಬೆಗೆ, ಮದ್ರಾಸಿಗೆ ಮತ್ತೆ ಹದಿನೇಳು ಕಾಗದ ಹೋಗಬೇಕು. ಜನಾರ್ದನಯ್ಯ ಮಸಿಬುಡ್ಡಿಯ ಮುಚ್ಚಳ ತೆಗೆದರು.

ಸಂಜೆಯ ರೈಲಿಗೆ ಹೊರಡುವ ಹೊತ್ತಿಗೆ ಷಡಕ್ಷರಪ್ಪ ಹೊಳೆಯಿಂದ ಹಿಂತಿರುಗುತ್ತಾರೆ. ಸಿಟ್ಟು ಇಳಿದಿದೆ, ಬಿಗುಮಾನ ಉಳಿದಿದೆ. ಎರಡನೆಯ ಹಡಗಿಗೆ ತಮ್ಮಿಬ್ಬರ ಹೆಸರು ಬರೆಯಿರಿ ಎನ್ನುತ್ತಾರೆ. ಉಳಿದವರೂ ತಲೆಯಾಡಿಸುತ್ತಾರೆ. ಏಳು ಜನ. ಇಪ್ಪತ್ತಮೂರು ಯಾತ್ರೆಗಳಲ್ಲಿ ಎಂದೂ ಬಾರದ ಕಣ್ಣೀರು ಆಗ ಸುಬ್ಬಲಕ್ಷ್ಮಮ್ಮನವರಿಗೆ ಬರುತ್ತದೆ. ಸೆರಗಿನಿಂದ ಒರೆಸಿಕೊಂಡು, ಹೊಗೆ ಎನ್ನುತ್ತಾರೆ. ಒಲೆ ಆರಿ ಎರಡು ಗಂಟೆಯಾಗಿತ್ತು.

ಪುಷ್ಪಮ್ಮ ಸೊಸೆಯಂದಿರ ಕೈ ಹಿಡಿದಂತೆ ಸತ್ಯಭಾಮಮ್ಮನವರ ಕೈ ಹಿಡಿದು ಸ್ಟೇಷನ್ನಿನ ದಾರಿ ಹಿಡಿದಿದ್ದಾರೆ. ಅವರು ಅಷ್ಟು ದೂರ ಹೋಗಲೆಂದೇ ಕಾದು, ಷಡಕ್ಷರಪ್ಪ ತಡೆದು ನಿಂತು ಕೇಳುತ್ತಾರೆ: "ಅಲ್ಲಮ್ಮಾ, ಸುಮ್ನಿದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಹೂವು ತಡ ಅಂದಿದ್ರೆ ಎಲ್ಲ ಒಪ್ತಿದ್ವಿ. ಯಾಕೆ ಹೇಳಿದ್ರಿ?"

"ನೀವೆಲ್ಲ ಒಪ್ತಿದ್ರಿ," ಎನ್ನುತ್ತಾರೆ ಸುಬ್ಬಲಕ್ಷ್ಮಮ್ಮ. "ಪುಷ್ಪಮ್ಮ ಒಪ್ತಿರಲಿಲ್ಲ. ಬರೀ ಕೊಂಬೆ ಕೆಳಗೆ ನಿಂತು, ಹೂವು ಇದೆ, ನನ್ನ ಕಣ್ಣಿಗೇ ಕಾಣ್ತಿಲ್ಲ ಅಂದ್ಕೊಂಡು ವಾಪಸ್ ಬರೋರು."