ಬೆಲ್ಟಕ್ಕನ ಹಸಿ ಸುಳ್ಳು

ಪೊಲೀಸ್ ಉಗ್ರಾಣದ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತೊಗಲು ಹೊಲಿಯುವ ದಬ್ಬಳ ಹಿಡಿದು ಕೂತಿರುವ ಹೆಂಗಸನ್ನು ಇಲಾಖೆಯವರೆಲ್ಲ ಬೆಲ್ಟಕ್ಕ ಎಂದೇ ಕರೆಯುವುದು. ಹೊಟ್ಟೆ ಮುಂದೆ ಬಂದ ಪೊಲೀಸಪ್ಪಗಳು ಕವಾಯತಿನ ಹಿಂದಿನ ದಿನ ಕಳ್ಳಬೆಕ್ಕಿನ ಹಾಗೆ ನುಸುಳಿ ಬಂದು, ಬೆಲ್ಟಿಗೆ ಇನ್ನೊಂದು ತೂತು ಹೊಡೆಸಿಕೊಂಡು ಹೋಗುತ್ತಾರೆ. ಅವಳು ಯಾರನ್ನೂ ಹಂಗಿಸುವುದಿಲ್ಲ. ಹಳೆಯ ತೂತುಗಳನ್ನು ಗಟ್ಟಿಯಾಗಿ ಎಣಿಸುತ್ತಾಳೆ, ಅಷ್ಟೆ.

ರಿವಾಲ್ವರ್ ಇಡುವ ತೊಗಲಿನ ಚೀಲ, ಅಂದರೆ ಹೋಲ್‌ಸ್ಟರ್, ಬೆಲ್ಟಿಗಿಂತ ಬಾಯಿಬಡುಕ. ಮುಚ್ಚಳ ಎತ್ತಿ ನೋಡಿದರೆ ಸಾಕು, ಯಜಮಾನ ಎಂಥವನೆಂದು ಅವಳಿಗೆ ಗೊತ್ತಾಗುತ್ತದೆ. ದಿನಾ ಬಿಚ್ಚಿದ್ದರೆ ಗುಂಡಿಯ ತೂತು ಸಡಿಲ. ಊರನ್ನೇ ನಡುಗಿಸಿದೆನೆಂದು ಬಡಾಯಿ ಕೊಚ್ಚುವ ಎಷ್ಟೋ ಮಂದಿಯ ತೂತು ಇನ್ನೂ ಹೊಸದರ ಹಾಗೆ ಬಿಗಿ. ಒಬ್ಬರ ಚೀಲದಲ್ಲಂತೂ ಕಡಲೆಕಾಯಿ ಸಿಪ್ಪೆ ಸಿಕ್ಕಿತ್ತು.

ಹೊಸ ಸಾಹೇಬರು ಬಂದರು. ಇಲಾಖೆಯ ಹಳೆಯ ತೊಗಲು ಸಾಮಾನನ್ನೆಲ್ಲ ಪ್ರದರ್ಶನಕ್ಕಿಡುವ ಹುರುಪು ಅವರಿಗೆ.

"ಸಾಹಸದ ಕಥೆ ಇರೋದನ್ನ ಮಾತ್ರ ಗಾಜಿನ ಪೆಟ್ಟಿಗೇಲಿ ಇಡೋಣ. ಉಳಿದದ್ದು ಸುಟ್ಟುಹಾಕಿ. ಚೀಟಿ ನೀವೇ ಬರೀರಿ, ಇವುಗಳ ಜಾತಕ ಗೊತ್ತಿರೋದು ನಿಮಗೇ," ಎಂದು ಬೆಲ್ಟಕ್ಕನಿಗೆ ಹೇಳಿದರು.

ಸುಡುವ ರಾಶಿಯಲ್ಲಿ ಅವಳ ಅಪ್ಪ ಹೊಲಿದ ಹೋಲ್‌ಸ್ಟರೊಂದಿತ್ತು. ಅವಳಿಗಿಂತ ಮೊದಲು ಈ ಕೋಣೆಯಲ್ಲಿ ಕೂತಿದ್ದವನು ಅವನೇ. ಅವನು ತೀರಿಕೊಂಡ ಮೇಲೆ ಅವನ ಕೈಕೆಲಸ ಅಂತ ಉಳಿದದ್ದು ಅದೊಂದೇ. ಹೊಲಿಗೆ ಮುಗಿಯುವಲ್ಲಿ ಮೂರು ಹೊಲಿಗೆ ಹಿಂದಕ್ಕೆ ಬಂದು ದಾರ ಅಡಗಿಸಿಬಿಡುತ್ತಿದ್ದ. ಗಂಟು ಹುಡುಕಿದರೂ ಸಿಗದು. ಅವಳು ಈಗಲೂ ಆಗಾಗ ಅಲ್ಲಿ ಬೆರಳಾಡಿಸಿ ಆ ಗಂಟು ಹುಡುಕುತ್ತಿದ್ದಳು. ಆದರೆ ಅದನ್ನು ಕಟ್ಟಿಕೊಂಡಿದ್ದವರು ಎಲ್ಲರೂ ಮೀಸೆ ಮಾವ ಎಂದು ಕರೆಯುತ್ತಿದ್ದ, ಕಡತದ ಕೋಣೆಯಲ್ಲೇ ನೌಕರಿ ಮುಗಿಸಿದ ಸಬ್ ಇನ್ಸ್‌ಪೆಕ್ಟರು. ಗುಂಡಿ ಬಿಚ್ಚುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ಇಷ್ಟು ವರ್ಷ ಬೇರೆಯವರ ಬಡಾಯಿಗೆ ಒಳಗೊಳಗೇ ನಕ್ಕಿದ್ದ ಬೆಲ್ಟಕ್ಕ ಬಾಗಿಲು ಹಾಕಿಕೊಂಡು, ಆ ಗುಂಡಿಯ ತೂತಿಗೆ ಎಣ್ಣೆ ಸವರಿ, ನೂರು ಸಲ ಹಾಕಿ ತೆಗೆದು ಸಡಿಲ ಮಾಡಿದಳು. ಆಮೇಲೆ ಮೀಸೆ ಮಾವನ ಹೆಸರು ಹಾಕಿ, 'ಬ್ಯಾಂಕಿಗೆ ನುಗ್ಗಿದ ಮೂವರು ದರೋಡೆಕೋರರನ್ನು ಒಂಟಿಯಾಗಿ ಹಿಡಿದ ವೀರ' ಎಂದು ಚೀಟಿ ಬರೆದಳು. ಮಾವ ಈಗ ದೂರದ ಊರಲ್ಲಿ ಮಗಳ ಮನೆಯಲ್ಲಿದ್ದಾರೆ, ಬಂದು ಓದುವುದುಂಟೇ ಎಂಬ ಧೈರ್ಯ.

ಚೀಟಿ ಓದಿದ ಸಾಹೇಬರು ಅಂಥ ವೀರನನ್ನು ಬಿಟ್ಟಾರೆಯೇ? ಉದ್ಘಾಟನೆಗೆ ಕಾರು ಕಳಿಸಿ ಕರೆಸಿಯೇಬಿಟ್ಟರು.

ಮಾವ ಗಾಜಿನ ಮೇಲೆ ಬಗ್ಗಿ ಅಕ್ಷರಕ್ಕಕ್ಷರ ಓದಿದರು. ಬೆಲ್ಟಕ್ಕ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಳು. ಗುಟ್ಟು ರಟ್ಟಾದರೆ ಅಪ್ಪನ ಕೈಕೆಲಸ ಬೆಂಕಿ ಪಾಲು.

"ಇದರಲ್ಲಿ ತಪ್ಪಿದೆ ಸಾರ್," ಎಂದರು ಮಾವ.

"ಏನು ತಪ್ಪು?" ಸಾಹೇಬರ ಹುಬ್ಬು ಗಂಟಾಯಿತು.

ಮಾವ ಚೀಲದ ಹೊಲಿಗೆಯನ್ನೊಮ್ಮೆ, ಬೆವರುತ್ತಿದ್ದ ಬೆಲ್ಟಕ್ಕನನ್ನೊಮ್ಮೆ ನೋಡಿ, ನಿಧಾನವಾಗಿ ಮೀಸೆ ತಿರುವಿದರು.

"ಮೂವರಲ್ಲ, ನಾಲ್ಕು ಜನ. ಇನ್ನೊಬ್ಬ ಬಾಗಿಲ ಹಿಂದೆ ಅಡಗಿದ್ದ. ಪಾಪ, ಈ ಹುಡುಗಿಗೆ ಹೇಗೆ ಗೊತ್ತಾಗಬೇಕು?"

ಸಾಹೇಬರು ಅವಳತ್ತ ತಿರುಗಿ, "ಇತಿಹಾಸ ಬರೆಯೋವಾಗ ವಿಚಾರಿಸಿ ಬರೀಬೇಕಲ್ವೇನಮ್ಮಾ?" ಎಂದು ಗದರಿದರು.

"ತಪ್ಪಾಯ್ತು ಸಾರ್," ಎಂದು ಬೆಲ್ಟಕ್ಕ ತಲೆ ತಗ್ಗಿಸಿ ಚೀಟಿ ತಿದ್ದಿದಳು. ಸಾಹೇಬರು ಪೆಟ್ಟಿಗೆಗೆ ತಾವೇ ಬೀಗ ಹಾಕಿ, ಇದನ್ನು ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದರು.